ಒಂದೇ ವೈರಸ್, ಇಬ್ಬರು ಅಣ್ಣತಮ್ಮಂದಿರು: ಲಿವರ್ ರೋಗದಲ್ಲಿ ವಂಶದ ಪಾಲೆಷ್ಟು?



ಸಂಘದ ಈ ಪುಟದಲ್ಲಿ ರಾಜ್ಯೋತ್ಸವದ ವರದಿ, ನಮ್ಮ ಕನ್ನಡ ಶಾಲೆಗಳ ಫಲಿತಾಂಶ, ಮುಂದಿನ ತಿಂಗಳ ಕಾರ್ಯಕ್ರಮಗಳ ವಿವರ ಇವುಗಳನ್ನೇ ಕೊಡುತ್ತ ಬಂದಿದ್ದೇವೆ. ಈ ಸಲ ಬೇರೆ ವಿಷಯ ಬರೆಯಬೇಕಾಗಿ ಬಂದಿದೆ. ಕಳೆದ ಮಾಸಿಕ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಬದಿಗೆ ಕರೆದರು. "ಮಗನಿಗೆ ಜತ್ತದ ಕಡೆಯಿಂದ ಬಂದಿದ್ದ ಸಂಬಂಧ ಮುರೀತ್ರಿ. ಹುಡುಗನ ಅಪ್ಪಂದು ಲಿವರ್ ಕೆಟ್ಟೈತಿ, ಅದು ವಂಶದಾಗ ಬರ್ತದ, ನಾಳೆ ಹುಡುಗಗೂ ಬರ್ತದ ಅಂದ್ರಂತ. ಖರೇ ಏನ್ರಿ?" ಎಂದು ಕೇಳಿದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ನಾವು ವೈದ್ಯರಲ್ಲ. 34 ವರ್ಷ ಕಚೇರಿಯಲ್ಲಿ ಆವಕ-ಜಾವಕ ವಹಿ ಬರೆದು ನಿವೃತ್ತರಾದವರು. ಆದರೆ ಈ ಒಂದು ವಿಷಯವನ್ನು ಹದಿನೈದು ವರ್ಷಗಳಿಂದ ಓದುತ್ತ, ಡಾಕ್ಟರುಗಳನ್ನು ಕೇಳುತ್ತ ಬಂದಿದ್ದೇವೆ. ಕಾರಣ ಮುಂದೆ ಹೇಳುತ್ತೇವೆ.

ಮೊದಲು ಕಾಮಣಿಯ ಮಾತು. ನಮ್ಮ ಭಾಗದಲ್ಲಿ ಕಣ್ಣು ಹಳದಿಯಾದರೆ ಕಾಮಣಿ ಎನ್ನುತ್ತೇವೆ, ಮರಾಠಿ ನೆರೆಯವರು ಕಾವೀಳ ಎನ್ನುತ್ತಾರೆ. ಅದು ರೋಗದ ಹೆಸರಲ್ಲ, ಲಿವರಿಗೆ ಏನೋ ಆಗಿದೆ ಎಂಬ ಗುರುತು ಮಾತ್ರ. ಮಳೆಗಾಲದಲ್ಲಿ ನೀರು ಕೆಟ್ಟು ಬರುವ ಕಾಮಣಿ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ ವೈರಸ್ಸಿನದು. ಬಸುರಿಯರಿಗೆ ಇ ಬಹಳ ಅಪಾಯ, ಆ ಮಾತು ಬೇರೆ. ಉಳಿದಂತೆ ಬಹುತೇಕರಿಗೆ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೈಗೆ ಬರೆ ಹಾಕುವವರಿಗೂ ಸೊಪ್ಪಿನ ರಸ ಕುಡಿಸುವವರಿಗೂ ಇಷ್ಟು ಹೆಸರು ಬಂದಿರುವುದು ಇದರಿಂದಲೇ. ಹೆಪಟೈಟಿಸ್ ಬಿ ಮತ್ತು ಸಿ ಬೇರೆ ಜಾತಿಯವು. ಅವು ರಕ್ತದಿಂದ, ಸೂಜಿಯಿಂದ, ಬಿ ಆದರೆ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಮತ್ತು ದಾಂಪತ್ಯದಿಂದಲೂ ಬರುತ್ತವೆ. ಆರು ತಿಂಗಳಾದರೂ ಹೋಗದಿದ್ದರೆ ದೀರ್ಘಕಾಲದ ಹೆಪಟೈಟಿಸ್ ಎನ್ನುತ್ತಾರೆ. ಕಣ್ಣು ಹಳದಿಯಾಗದೆ, ನೋವೂ ಇಲ್ಲದೆ ಇಪ್ಪತ್ತು ಮೂವತ್ತು ವರ್ಷ ಒಳಗೇ ಇದ್ದು, ಲಿವರಿನಲ್ಲಿ ಗಾಯದ ಕಲೆಯಂಥ ನಾರು ಬೆಳೆಸುತ್ತವೆ. ನಾರು ಹೆಚ್ಚಾಗಿ ಲಿವರ್ ಗಂಟುಗಂಟಾದರೆ ಅದೇ ಸಿರೋಸಿಸ್.

ಈಗ ನಮ್ಮ ಮನೆಯ ಮಾತು. ಇಲ್ಲಿ 'ನಾವು' ಎಂದರೆ ಸಂಘವಲ್ಲ, ಈ ಸಾಲು ಬರೆಯುತ್ತಿರುವ ಕಾರ್ಯದರ್ಶಿ.

ನಮ್ಮ ಅಣ್ಣ ಸೊಲ್ಲಾಪುರದ ಮಿಲ್ಲೊಂದರಲ್ಲಿ ಕೆಲಸ ಮಾಡುತ್ತಿದ್ದರು. ಎಲೆ ಅಡಿಕೆ ಸಹ ಹಾಕಿದವರಲ್ಲ. 2009ರಲ್ಲಿ ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗಿ, 54ನೇ ವಯಸ್ಸಿಗೆ ತೀರಿಕೊಂಡರು. ಹೆಪಟೈಟಿಸ್ ಬಿ ಎಂದು ಗೊತ್ತಾದದ್ದು ಕೊನೆಯ ತಿಂಗಳಲ್ಲಿ. ಆಗ ಡಾಕ್ಟರು ನಮ್ಮನ್ನು ಕೂರಿಸಿ, ಒಂದೇ ತಾಯಿಯ ಮಕ್ಕಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ನಾವು ಮಾಡಿಸಲಿಲ್ಲ. ಮನೆಯಲ್ಲಿ ಮಗಳ ಮದುವೆ ಮಾತು ನಡೆದಿತ್ತು, ರಿಪೋರ್ಟಿನಲ್ಲಿ ಏನಾದರೂ ಬಂದರೆ ಎಂಬ ಅಂಜಿಕೆ. ಮದುವೆ ಮುಗಿದ ಮೇಲೆ, ಎರಡು ವರ್ಷ ತಡವಾಗಿ, 2011ರಲ್ಲಿ ಹೋದೆವು. ನಮಗೂ ಅದೇ ವೈರಸ್ ಇತ್ತು. ಆದರೆ ಲಿವರ್ ಚೆನ್ನಾಗಿತ್ತು. ಇಂದಿಗೂ ಚೆನ್ನಾಗಿದೆ. ತಂಗಿಗೆ ಇರಲಿಲ್ಲ. ಮಗಳಿಗೂ ಇರಲಿಲ್ಲ, ಲಸಿಕೆ ಹಾಕಿಸಿದೆವು. ಹೆಂಡತಿಯ ರಕ್ತದಲ್ಲಿ ಮಾತ್ರ ಯಾವಾಗಲೋ ವೈರಸ್ ತಗಲಿ ತಾನಾಗಿಯೇ ಹೋದ ಗುರುತು ಕಂಡಿತು. ತಗಲಿದ್ದು ಬಹುಶಃ ನಮ್ಮಿಂದಲೇ. ಅದನ್ನು ಕೇಳಿ ಅಂದು ತಲೆ ಎತ್ತಲಾಗಲಿಲ್ಲ.

ಅಣ್ಣ ಹೋದರು, ನಾವು ಉಳಿದೆವು, ಹೆಂಡತಿಗೆ ಬಂದದ್ದೇ ತಿಳಿಯಲಿಲ್ಲ. ಯಾಕೆ ಹೀಗೆ ಎಂಬ ಪ್ರಶ್ನೆಯೇ ನಮ್ಮನ್ನು ಓದಿಗೆ ಹಚ್ಚಿತು.

ಹೆಂಡತಿಯ ವಿಷಯ ಸುಲಭ. ಹೆಪಟೈಟಿಸ್ ಬಿಯಲ್ಲಿ ತಗಲಿದ ವಯಸ್ಸು ಬಹಳ ಮುಖ್ಯ. ಹುಟ್ಟುವಾಗ ಅಥವಾ ಮೊದಲ ವರ್ಷದಲ್ಲಿ ತಗಲಿದರೆ ಸುಮಾರು 90 ಶೇಕಡಾ ಮಕ್ಕಳಲ್ಲಿ ಅದು ಶಾಶ್ವತವಾಗಿ ನಿಲ್ಲುತ್ತದೆ. ದೊಡ್ಡವರಿಗೆ ತಗಲಿದರೆ ನಿಲ್ಲುವುದು 5 ಶೇಕಡಾಕ್ಕಿಂತ ಕಡಿಮೆ ಜನರಲ್ಲಿ. ಅಣ್ಣನಿಗೂ ನಮಗೂ ಅದು ತಾಯಿಯಿಂದ ಬಂದಿರಬೇಕೆಂದು ಡಾಕ್ಟರರ ಅಭಿಪ್ರಾಯ. ತಾಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ತಾಯಿಯಿಂದ ವೈರಸ್ ಬಂದರೆ ಅದು ವಂಶವಾಹಿಯಿಂದ ಬಂದಂತಲ್ಲ. ಹೆರಿಗೆಯ ವೇಳೆ ರಕ್ತದಿಂದ ಅಂಟುವ ಸೋಂಕು ಅದು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಹಾಕಿದರೆ, ತಾಯಿಗೆ ವೈರಸ್ ಇದ್ದಾಗ ಜೊತೆಗೆ ಇಮ್ಯುನೊಗ್ಲೊಬ್ಯುಲಿನ್ ಚುಚ್ಚುಮದ್ದೂ ಕೊಟ್ಟರೆ, ಬಹುಪಾಲು ತಡೆಯಬಹುದು. ಮೂರು ತಲೆಮಾರು ಒಂದೇ ಮನೆಯಲ್ಲಿ ಲಿವರಿನಿಂದ ಸತ್ತರೆ ಜನ ವಂಶದ ಶಾಪ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಯಾರೂ ಹಾಕಿಸದ ಒಂದು ಲಸಿಕೆ. ಜೀನಿನಿಂದಲೇ ಬರುವ ಲಿವರ್ ರೋಗಗಳು ಇಲ್ಲವೆಂದಲ್ಲ. ತಾಮ್ರ ದೇಹದಲ್ಲಿ ಜಮೆಯಾಗುವ ವಿಲ್ಸನ್ ರೋಗ ಅಂಥದು, ಆದರೆ ಅದು ವಿರಳ.

ಹಾಗಾದರೆ ಅಣ್ಣತಮ್ಮರ ವ್ಯತ್ಯಾಸಕ್ಕೆ ಏನು ಹೇಳುವುದು? ಇದಕ್ಕೆ ಉತ್ತರ ಹುಡುಕುವುದು ಕಷ್ಟ, ಯಾಕೆಂದರೆ ಇಬ್ಬರು ರೋಗಿಗಳನ್ನು ಹೋಲಿಸಿದರೆ ವೈರಸ್ಸಿನ ತಳಿ ಬೇರೆ, ತಗಲಿದ ಕಾಲ ಬೇರೆ, ಕುಡಿತ ಬೇರೆ. ಎಲ್ಲರಿಗೂ ಒಂದೇ ಮೂಲದಿಂದ, ಸುಮಾರು ಒಂದೇ ವೇಳೆಗೆ, ಒಂದೇ ವೈರಸ್ ತಗಲಿದ ಜನ ಸಿಗಬೇಕು. ಅಂಥ ಪ್ರಯೋಗವನ್ನು ಮನುಷ್ಯರ ಮೇಲೆ ಯಾರೂ ಮಾಡಲಾಗದು. ಆದರೆ ಐರ್ಲೆಂಡಿನಲ್ಲಿ ಒಂದು ತಪ್ಪಿನಿಂದ ಹಾಗೆ ಆಗಿಹೋಯಿತು. ಅಲ್ಲಿಯ ವೈರಸ್ ಬಿ ಅಲ್ಲ, ಸಿ. ಆದರೂ ನಮ್ಮ ಪ್ರಶ್ನೆಗೆ ಅಷ್ಟು ಹತ್ತಿರದ ಉದಾಹರಣೆ ನಮಗೆ ಬೇರೆ ಸಿಕ್ಕಿಲ್ಲ.

ತಾಯಿಯ ರಕ್ತ ನೆಗೆಟಿವ್ ಗುಂಪಿನದಾಗಿ ಮಗುವಿನದು ಪಾಸಿಟಿವ್ ಆದರೆ ಮುಂದಿನ ಮಗುವಿಗೆ ತೊಂದರೆಯಾಗದಿರಲೆಂದು ಬಾಣಂತಿಗೆ ಆಂಟಿ-ಡಿ ಎಂಬ ಚುಚ್ಚುಮದ್ದು ಕೊಡುತ್ತಾರೆ. ನಮ್ಮಲ್ಲೂ ಕೊಡುತ್ತಾರೆ. ಅದನ್ನು ತಯಾರಿಸುವುದು ಮನುಷ್ಯರ ರಕ್ತದ ಪ್ಲಾಸ್ಮಾದಿಂದ. 1977-78ರಲ್ಲಿ ಐರ್ಲೆಂಡಿನಲ್ಲಿ ತಯಾರಾದ ಆಂಟಿ-ಡಿಗೆ ಸೋಂಕಿದ್ದ ಒಬ್ಬ ದಾನಿಯ ಪ್ಲಾಸ್ಮಾ ಸೇರಿತು. ಹೆಪಟೈಟಿಸ್ ಸಿ ಎಂಬ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ವಿಷಯ ಹೊರಬಿದ್ದದ್ದು 1994ರಲ್ಲಿ. ಆಮೇಲೆ ಆ ಚುಚ್ಚುಮದ್ದು ಪಡೆದಿದ್ದ 62,667 ಹೆಂಗಸರನ್ನು ಪರೀಕ್ಷಿಸಿದರು. 704 ಜನರ ರಕ್ತದಲ್ಲಿ ವೈರಸ್ ತಗಲಿದ್ದ ಗುರುತು ಸಿಕ್ಕಿತು. ಅವರಲ್ಲಿ 390 ಜನರಲ್ಲಿ ವೈರಸ್ ಇನ್ನೂ ಇತ್ತು. ಉಳಿದವರಲ್ಲಿ ಇರಲಿಲ್ಲ. ಔಷಧವಿಲ್ಲದೆ, ತಮಗೆ ತಗಲಿದ್ದೇ ತಿಳಿಯದೆ, ಅವರ ದೇಹ ಅದನ್ನು ಓಡಿಸಿತ್ತು.

ವೈರಸ್ ಉಳಿದವರಲ್ಲಿ 376 ಜನರ ಲಿವರ್ ಸ್ಥಿತಿಯನ್ನು ಪರಿಶೀಲಿಸಿದ ವರದಿ 1999ರಲ್ಲಿ ಬಂತು. ತಗಲಿ ಸುಮಾರು 17 ವರ್ಷವಾಗಿತ್ತು. ಲಿವರಿನ ತುಣುಕು ತೆಗೆದು ನೋಡಿದಾಗ ಹೆಚ್ಚುಕಡಿಮೆ ಎಲ್ಲರಲ್ಲೂ ಉರಿಯೂತವಿತ್ತು. ಅರ್ಧದಷ್ಟು ಜನರಲ್ಲಿ ನಾರು ಬೆಳೆದಿತ್ತು, ಇನ್ನರ್ಧಕ್ಕೆ ಇಲ್ಲ. ಸಿರೋಸಿಸ್ ತಲುಪಿದವರು 2 ಶೇಕಡಾ. ಅಷ್ಟಕ್ಕೇ ನಿಲ್ಲಲಿಲ್ಲ. ಸುಮಾರು 35 ವರ್ಷಕ್ಕೆ ಲೆಕ್ಕ ಹಾಕಿದಾಗ ಸಿರೋಸಿಸ್ ಆದವರು ಸುಮಾರು 19 ಶೇಕಡಾಕ್ಕೆ ಏರಿದ್ದರು. ಅದೇ ಮೂಲದ ಸೋಂಕು, ಎಲ್ಲರೂ ಎಳೆ ಬಾಣಂತಿಯರು. ಕೆಲವರಲ್ಲಿ ಮಾಯವಾಯಿತು, ಕೆಲವರಲ್ಲಿ ಸುಮ್ಮನೆ ಕೂತಿತು, ಕೆಲವರ ಲಿವರನ್ನೇ ತಿಂದಿತು.

2004ರಲ್ಲಿ ಐರ್ಲೆಂಡಿನ ಸಂಶೋಧಕರು ಇದೇ ಹೆಂಗಸರ ಎಚ್‌ಎಲ್‌ಎ ವಂಶವಾಹಿಗಳನ್ನು ನೋಡಿದರು. ಎಚ್‌ಎಲ್‌ಎ ಎಂದರೆ ಏನು? ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುತ್ತೇವೆ. ಜೀವಕೋಶದೊಳಗೆ ಬಂದ ವೈರಸ್ಸಿನ ಚೂರುಗಳನ್ನು ಹೊರಗಿನ ಫಲಕಕ್ಕೆ ಸಿಕ್ಕಿಸಿ, "ಒಳಗೆ ಇಂಥವನಿದ್ದಾನೆ ನೋಡಿ" ಎಂದು ಕಾವಲು ಕೋಶಗಳಿಗೆ ತೋರಿಸುವ ಕೊಕ್ಕೆ ಅದು. ಕೊಕ್ಕೆಯ ಆಕಾರ ಒಬ್ಬೊಬ್ಬರಿಗೆ ಒಂದೊಂದು. ಕೆಲವು ಕೊಕ್ಕೆಗೆ ಈ ವೈರಸ್ಸಿನ ಚೂರು ಗಟ್ಟಿಯಾಗಿ ಸಿಗುತ್ತದೆ, ಕೆಲವಕ್ಕೆ ಜಾರುತ್ತದೆ. ವೈರಸ್ಸನ್ನು ಓಡಿಸಿದ ಹೆಂಗಸರಲ್ಲಿ ಎ3, ಬಿ27 ಎಂಬ ಬಗೆಗಳು ಹೆಚ್ಚಾಗಿ ಕಂಡವು, ಉಳಿಸಿಕೊಂಡವರಲ್ಲಿ ಬಿ8. ಬಿ27 ಎಂದರೆ ಬೆನ್ನೆಲುಬು ಬಿಗಿಯುವ ಸಂಧಿವಾತದವರಲ್ಲಿ ಹೆಚ್ಚಾಗಿ ಸಿಗುವ ಬಗೆ. ಒಂದು ಕಡೆ ಸಾಲಗಾರ, ಇನ್ನೊಂದು ಕಡೆ ಸಾವುಕಾರ! ಹೆಪಟೈಟಿಸ್ ಬಿಯಲ್ಲಿಯೂ ಇದೇ ಕುಟುಂಬದ ವಂಶವಾಹಿಗಳು ಕೆಲಸ ಮಾಡುತ್ತವೆ. 2009ರಲ್ಲಿ ಜಪಾನಿನವರು ಎಚ್‌ಎಲ್‌ಎ-ಡಿಪಿ ಎಂಬ ಭಾಗದ ವ್ಯತ್ಯಾಸಕ್ಕೂ ಬಿ ವೈರಸ್ ದೇಹದಲ್ಲಿ ನಿಂತುಬಿಡುವುದಕ್ಕೂ ನಂಟು ತೋರಿಸಿದರು.

ಒಂದೇ ತಂದೆತಾಯಿಯ ಇಬ್ಬರು ಮಕ್ಕಳಿಗೆ ಎಚ್‌ಎಲ್‌ಎ ಪೂರ್ತಿ ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪೂರ್ತಿ ಬೇರೆಯಾಗಿರುವ ಸಾಧ್ಯತೆಯೂ ನಾಲ್ಕರಲ್ಲಿ ಒಂದು. ಅಣ್ಣನಿಗೆ ಯಾವ ಪಾಲು, ನಮಗೆ ಯಾವ ಪಾಲು ಬಂದಿತ್ತೋ ಯಾರೂ ನೋಡಿದ್ದಿಲ್ಲ. ಆದರೆ ಒಂದೇ ಒಲೆಯ ಅನ್ನ ಉಂಡವರು ಒಳಗಿನಿಂದ ಇಷ್ಟು ಬೇರೆಯಾಗಿರಬಹುದು ಎಂದು ಓದಿದಾಗ ಮನಸ್ಸಿಗೆ ಒಂದು ನೆಮ್ಮದಿ ಬಂತು. ನಾವು ಏನೋ ಒಳ್ಳೆಯದು ಮಾಡಿ ಉಳಿದೆವು, ಅಣ್ಣ ಏನೋ ತಪ್ಪು ಮಾಡಿ ಹೋದರು ಎಂದು ಬಂಧುಗಳು ಆಡುವ ಮಾತಿಗೆ ಅರ್ಥವಿಲ್ಲ.

ಇನ್ನು ವಂಶವಾಹಿಯ ವ್ಯತ್ಯಾಸ ಎಂದರೆ ಏನು? ಗಡಿಯ ಈಚೆ ಇರುವ ನಮಗೆ ಇದು ಬೇಗ ತಿಳಿಯುತ್ತದೆ. ನಮ್ಮ 7/12ರ ಉತಾರೆಗಳೆಲ್ಲ ದೇವನಾಗರಿಯಲ್ಲಿ. ಅದರಲ್ಲಿ ನಮ್ಮ ಎ-ಏ, ಒ-ಓ ಬೇರೆಬೇರೆಯಾಗಿ ಬರೆಯುವ ರೂಢಿಯಿಲ್ಲ, ಹೊಸಮನಿ ಎಂಬುದು ಹೋಸಮನಿ ಆಗುತ್ತದೆ. ಹತ್ತರಲ್ಲಿ ಒಂಬತ್ತು ಸಲ ಇದರಿಂದ ಏನೂ ಬಾಧೆಯಿಲ್ಲ, ತಲಾಠಿಗೂ ಗೊತ್ತು ನಮಗೂ ಗೊತ್ತು. ಆದರೆ ಗಟ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಹೊಲವೇ ಬೇರೆಯವರದಾಗುತ್ತದೆ. ಮನುಷ್ಯನ ದೇಹದ ದಸ್ತಾವೇಜಿನಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ, ತಂದೆಯದೊಂದು ಪ್ರತಿ, ತಾಯಿಯದೊಂದು ಪ್ರತಿ. ಒಬ್ಬರಿಗೂ ಒಬ್ಬರಿಗೂ ಲಕ್ಷಾಂತರ ಕಡೆ ಅಕ್ಷರ ವ್ಯತ್ಯಾಸವಿರುತ್ತದೆ. ಬಹುತೇಕ ಹೋಸಮನಿಯಂಥವು. ಕೆಲವೇ ಕೆಲವು ಗಟ್ ನಂಬರಿನಂಥವು.

ಅಂಥ ಒಂದು ಅಕ್ಷರ ಪಿಎನ್‌ಪಿಎಲ್‌ಎ3 ಎಂಬ ವಂಶವಾಹಿಯಲ್ಲಿದೆ. ಒಂದು ಅಕ್ಷರ ಬದಲಾಗಿ, ಅದು ಮಾಡುವ ಪ್ರೋಟೀನಿನ 148ನೇ ಮಣಿ ಬೇರೆಯಾಗುತ್ತದೆ. ಅಷ್ಟಕ್ಕೆ ಲಿವರಿನಲ್ಲಿ ಕೊಬ್ಬು ಕರಗುವ ಕೆಲಸ ಕುಂಠಿತವಾಗುತ್ತದೆ. 2008ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ನಡೆದ ಅಧ್ಯಯನದಿಂದ ಇದು ಗೊತ್ತಾಯಿತು. ಮುಂದೆ ನೋಡಿದರೆ ಇದೇ ಅಕ್ಷರ ಇರುವವರಲ್ಲಿ ಕುಡಿತದ ಸಿರೋಸಿಸ್ ಹೆಚ್ಚು, ಹೆಪಟೈಟಿಸ್ ಸಿ ಇದ್ದವರಲ್ಲಿ ನಾರು ಬೆಳೆಯುವುದೂ ಹೆಚ್ಚು. ತಂದೆತಾಯಿ ಇಬ್ಬರಿಂದಲೂ ಅದೇ ಅಕ್ಷರ ಬಂದವರಿಗೆ ಅಪಾಯ ಇನ್ನೂ ಹೆಚ್ಚು. ಆದರೆ ಗಮನಿಸಿ, ಮೈ ಹಗುರವಾಗಿದ್ದವರಲ್ಲಿ ಈ ಅಕ್ಷರ ಅಷ್ಟು ಕಾಟ ಕೊಡುವುದಿಲ್ಲ. ಹೊಟ್ಟೆ ಬಂದಷ್ಟೂ ಅದರ ಆಟ ಜೋರು.

ಎಲ್ಲಕ್ಕಿಂತ ವಿಚಿತ್ರವಾದದ್ದು 19ನೇ ವರ್ಣತಂತುವಿನ ಮೇಲಿರುವ ಐಎಲ್28ಬಿ. ಆಗ ಹೆಪಟೈಟಿಸ್ ಸಿಗೆ ಇಂಟರ್ಫೆರಾನ್ ಚುಚ್ಚುಮದ್ದಿನ ಚಿಕಿತ್ಸೆ ಇತ್ತು. ಸುಮಾರು ಒಂದು ವರ್ಷದ ಕೋರ್ಸು, ಜ್ವರ, ಕೂದಲು ಉದುರುವುದು, ಮನಸ್ಸು ಕುಗ್ಗುವುದು. ಇಷ್ಟು ಸಹಿಸಿದರೂ ಕೆಲವರಿಗೆ ಗುಣ, ಕೆಲವರಿಗೆ ಇಲ್ಲ. 2009ರಲ್ಲಿ ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಮೂರು ತಂಡಗಳು ಬೇರೆಬೇರೆಯಾಗಿ ಹುಡುಕಿ ಈ ಒಂದೇ ಜಾಗಕ್ಕೆ ಬಂದು ಸೇರಿದವು. ಇಲ್ಲಿ ಒಳ್ಳೆಯ ಅಕ್ಷರ ಇದ್ದವರಿಗೆ ಔಷಧವೂ ಹತ್ತುತ್ತದೆ, ಔಷಧವಿಲ್ಲದೆಯೂ ವೈರಸ್ ಓಡುವ ಸಾಧ್ಯತೆ ಹೆಚ್ಚು. ಪೂರ್ವ ಏಷ್ಯಾದವರಲ್ಲಿ ಆ ಅಕ್ಷರ ಬಹಳ, ಆಫ್ರಿಕಾ ಮೂಲದವರಲ್ಲಿ ಕಡಿಮೆ. ಹತ್ತಿರದಲ್ಲೇ ಇನ್ನೊಂದು ವಂಶವಾಹಿ ಇದೆಯೆಂದು 2013ರಲ್ಲಿ ಗೊತ್ತಾಯಿತು. ಅದು ಕೆಟ್ಟು ಕೆಲಸ ನಿಲ್ಲಿಸಿದವರೇ ವೈರಸ್ಸನ್ನು ಚೆನ್ನಾಗಿ ಓಡಿಸುವವರು! ಕಥೆ ಇನ್ನೂ ಇದೆ. 2015ರಲ್ಲಿ ಆಸ್ಟ್ರೇಲಿಯಾದವರ ನೇತೃತ್ವದ ಅಧ್ಯಯನ ಹೇಳಿದ್ದೇನೆಂದರೆ, ಆ 'ಒಳ್ಳೆಯ' ಅಕ್ಷರ ಇದ್ದೂ ವೈರಸ್ ಓಡಿಸಲಾಗದೆ ಉಳಿದವರಲ್ಲಿ ಲಿವರಿನ ಉರಿಯೂತ, ನಾರು ಎರಡೂ ಹೆಚ್ಚು. ಕಳ್ಳನನ್ನು ಹಿಡಿಯಲು ಹೋಗಿ ಮನೆಗೆ ಬೆಂಕಿ ಹಚ್ಚಿದ ಹಾಗೆ. ಆದ್ದರಿಂದ ಒಳ್ಳೆಯ ಜೀನು, ಕೆಟ್ಟ ಜೀನು ಎಂದು ಯಾರಾದರೂ ಸರಳವಾಗಿ ಹೇಳಿದರೆ ನಂಬಬೇಡಿ. ಉಗುಳು ಕಳಿಸಿ, ಭವಿಷ್ಯ ಹೇಳುತ್ತೇವೆ ಎಂಬ ಜಾಹೀರಾತುಗಳಿಗೆ ದುಡ್ಡು ಸುರಿಯುವ ಮೊದಲು ಇದನ್ನು ನೆನಪಿಡಿ.

ಇಷ್ಟೆಲ್ಲ ಹೇಳಿ, ಜೀನಿನ ಹೊರಗಿನ ಲೆಕ್ಕ ಹೇಳದಿದ್ದರೆ ಅನ್ಯಾಯ. 1997ರಲ್ಲಿ ಫ್ರಾನ್ಸಿನವರು ಎರಡು ಸಾವಿರಕ್ಕೂ ಹೆಚ್ಚು ಹೆಪಟೈಟಿಸ್ ಸಿ ರೋಗಿಗಳ ಲೆಕ್ಕ ತೆಗೆದರು. ನಲವತ್ತಕ್ಕೆ ಮೊದಲು ಸೋಂಕು ತಗಲಿದ, ಕುಡಿಯದ ಹೆಂಗಸರು ಸಿರೋಸಿಸ್ ತಲುಪಲು ಅಂದಾಜು 42 ವರ್ಷ. ನಲವತ್ತರ ನಂತರ ತಗಲಿ, ದಿನಕ್ಕೆ 50 ಗ್ರಾಂ ಅಥವಾ ಹೆಚ್ಚು ಆಲ್ಕೋಹಾಲ್ ಕುಡಿಯುವ ಗಂಡಸರಿಗೆ 13 ವರ್ಷ. 50 ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಕ್ವಾರ್ಟರ್ ಬಾಟಲಿಯಲ್ಲಿ ಇರುವಷ್ಟು. ನಾವು ನೋಡಿದ ಯಾವ ಒಂದು ಅಕ್ಷರದ ವ್ಯತ್ಯಾಸವೂ 42ನ್ನು 13 ಮಾಡುವಷ್ಟು ದೊಡ್ಡದಲ್ಲ.

ಈಗ ಆ ಹಿರಿಯ ಸದಸ್ಯರ ಪ್ರಶ್ನೆಗೆ ಬರುತ್ತೇವೆ. ನಾವು ಅವರ ಮನೆಗೆ ಹೋಗಿ ಫೈಲು ತೆಗೆಸಿ ನೋಡಿದೆವು. ಎರಡು ವರ್ಷದ ಹಿಂದಿನ ರಿಪೋರ್ಟು: ಹೆಪಟೈಟಿಸ್ ಸಿ ಪಾಸಿಟಿವ್, ಲಿವರಿನಲ್ಲಿ ನಾರು ಬೆಳೆದಿದೆ, ಚಿಕಿತ್ಸೆಗೆ ಬರಬೇಕು. ಹೋಗಿರಲಿಲ್ಲ. ಯಾಕೆಂದು ಕೇಳಿದರೆ, "ನಮ್ಮ ಕಾಕಾನೂ ಹಿಂಗ ಹೋದಾರ್ರಿ, ವಂಶದಾಗ ಇದ್ದದ್ದಕ್ಕ ಗುಳಿಗಿ ಏನ್ ಮಾಡ್ತಾವು" ಎಂದರು. ನಮಗೆ ಸಿಟ್ಟೇ ಬಂತು. ಜತ್ತದವರ ಮೇಲೆ ಅವರು ಮುನಿಸಿಕೊಂಡ ಮಾತನ್ನೇ ತಾವೂ ಎರಡು ವರ್ಷದಿಂದ ನಂಬಿ ಕೂತಿದ್ದರು.

ಹೆಪಟೈಟಿಸ್ ಸಿಗೆ ಈಗ ಚುಚ್ಚುಮದ್ದು ಬೇಡ. ಸಾಮಾನ್ಯವಾಗಿ 12 ವಾರ ಗುಳಿಗೆ. 95 ಶೇಕಡಾಕ್ಕೂ ಹೆಚ್ಚು ಜನರಿಗೆ ವೈರಸ್ ಪೂರ್ತಿ ಹೋಗುತ್ತದೆ, ಐಎಲ್28ಬಿ ಒಳ್ಳೆಯದಿರಲಿ ಕೆಟ್ಟದಿರಲಿ. ಹಾಗಾಗಿ ಆ ಪರೀಕ್ಷೆಯನ್ನು ಈಗ ಡಾಕ್ಟರುಗಳು ಕೇಳುವುದೂ ಇಲ್ಲ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಪರೀಕ್ಷೆ, ಔಷಧ ಉಚಿತ. ಬಿಗೆ ಪೂರ್ತಿ ಗುಣವಾಗುವ ಔಷಧ ಇನ್ನೂ ಇಲ್ಲ, ಹತ್ತಿಕ್ಕಿಡುವ ಗುಳಿಗೆ ಇದೆ. ಅದು ಎಲ್ಲರಿಗೂ ಬೇಕಿಲ್ಲ. ನಮಗೆ ಇಲ್ಲಿಯವರೆಗೆ ಬೇಕಾಗಿಲ್ಲ. ಆದರೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಸೋನೋಗ್ರಫಿ ತಪ್ಪಿಸಿಲ್ಲ, ಯಾಕೆಂದರೆ ಬಿ ವೈರಸ್ ಸಿರೋಸಿಸ್ ಇಲ್ಲದೆಯೂ ಕ್ಯಾನ್ಸರ್ ತರಬಲ್ಲದು. ಸಿ ಚಿಕಿತ್ಸೆಗೆ ಮೊದಲು ಬಿ ಇದೆಯೇ ಎಂದು ನೋಡಿಸಿಕೊಳ್ಳುವುದು ಅವಶ್ಯ. ಸಿ ಹೋಗುವಾಗ ಮಲಗಿದ್ದ ಬಿ ಏಳುವುದುಂಟು.

ಮದುವೆಯ ಮಾತಿಗೆ ಉತ್ತರ: ಅಪ್ಪನಿಗೆ ಸಿ ಇದ್ದರೆ ಮಗನಿಗೆ ವಂಶವಾಗಿ ಬರುವುದಿಲ್ಲ. ಮಗನ ರಕ್ತ ಪರೀಕ್ಷೆ ಒಂದು ಸಲ ಮಾಡಿಸಿದರೆ ಸಂಶಯವೇ ಮುಗಿಯಿತು. ಆ ಹುಡುಗ ಮಾಡಿಸಿದ್ದಾನೆ, ಇಲ್ಲವೆಂದು ಬಂದಿದೆ. ಅಪ್ಪನಿಂದ ಅವನಿಗೆ ಬಂದಿರಬಹುದಾದದ್ದು ಕೆಲವು ಅಕ್ಷರಗಳು ಮಾತ್ರ. ವೈರಸ್ಸೇ ಇಲ್ಲದ ಮೇಲೆ ಅವನು ಹೊಟ್ಟೆ, ಕುಡಿತ, ಸಕ್ಕರೆ ಕಾಯಿಲೆ ಈ ಮೂರರ ಕಡೆ ನೋಡಿಕೊಂಡರೆ ಸಾಕು. ವಧುವರರಲ್ಲಿ ಒಬ್ಬರಿಗೆ ಬಿ ಇದ್ದರೂ ಮದುವೆ ನಿಲ್ಲಬೇಕಿಲ್ಲ. ಇನ್ನೊಬ್ಬರಿಗೆ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು ಲಸಿಕೆ ಆಗಬೇಕು. ಜೊತೆಗೆ ಉಂಡರೆ, ಒಂದೇ ತಟ್ಟೆ ಲೋಟ ಬಳಸಿದರೆ ಬಿ, ಸಿ ಅಂಟುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಕಟಿಂಗ್ ಅಂಗಡಿಯಲ್ಲಿ ಹೊಸ ಬ್ಲೇಡು ಕೇಳಿ ಹಾಕಿಸಿಕೊಳ್ಳಿ, ನಾಚಿಕೆ ಬೇಡ.

ಬರುವ ಮಂಗಳವಾರ ಬೆಳಿಗ್ಗೆ ಆ ಸದಸ್ಯರನ್ನು ಕರೆದುಕೊಂಡು ನಾವು ಸೊಲ್ಲಾಪುರದ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಿದ್ದೇವೆ. ನಮ್ಮ ಆರು ತಿಂಗಳ ಪರೀಕ್ಷೆಯೂ ಅಂದೇ. ಬರುವವರಿದ್ದರೆ ಮುಂಚಿತವಾಗಿ ಹೆಸರು ಕೊಡಬೇಕಿಲ್ಲ, ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ. 7:30ಕ್ಕೆ ಬಸ್ ನಿಲ್ದಾಣದ ಚಹಾ ಅಂಗಡಿ ಮುಂದೆ ಇರುತ್ತೇವೆ. ಆಧಾರ್ ಕಾರ್ಡು, ಹಳೆಯ ರಿಪೋರ್ಟುಗಳು ಜೊತೆಯಲ್ಲಿರಲಿ.